ಪಿಂಚಣಿ ಮಂಜೂರಾಗಿದೆ, ದುಡ್ಡು ಮಾತ್ರ ಬಂದಿಲ್ಲ

ವೃದ್ಧಾಪ್ಯ ವೇತನ ನಿಂತುಹೋದವರು ಮೊದಲು ಹೋಗುವುದು ನಾಡಕಚೇರಿಗೆ. ಅಲ್ಲಿ ‘ನಮ್ಮ ಕಡೆಯಿಂದ ಎಲ್ಲ ಆಗಿದೆ, ಬ್ಯಾಂಕಲ್ಲಿ ಕೇಳಿ ಅಜ್ಜಿ’ ಎನ್ನುತ್ತಾರೆ. ಬ್ಯಾಂಕಿನಲ್ಲಿ ‘ಸರ್ಕಾರದಿಂದ ಹಣವೇ ಬಂದಿಲ್ಲ, ತಾಲ್ಲೂಕು ಆಫೀಸಿಗೆ ಹೋಗಿ’ ಎನ್ನುತ್ತಾರೆ. ಎರಡು ಮಾತೂ ನಿಜವೇ ಇರಬಹುದು. ಹಣ ಇವೆರಡರ ನಡುವೆ ಎಲ್ಲೋ ಸಿಕ್ಕಿಕೊಂಡಿದೆ, ಎಲ್ಲಿ ಎಂದು ಯಾರೂ ನೋಡಿಲ್ಲ, ಅಷ್ಟೆ. ಹಾಗಾಗಿ ಓಡಾಟ ಶುರುಮಾಡುವ ಮುಂಚೆ ಮಾಡಬೇಕಾದ್ದು ಒಂದೇ: ಯಾವ ಮೆಟ್ಟಿಲಲ್ಲಿ ನಿಂತಿದೆ ಎಂದು ಪತ್ತೆ ಹಚ್ಚುವುದು.

ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ ಕರ್ನಾಟಕದ ಬಿಪಿಎಲ್ ಕುಟುಂಬದವರಿಗೆ 60 ತುಂಬಿದ ಮೇಲೆ ಪಿಂಚಣಿ ಸಿಗುತ್ತದೆ, 65 ತುಂಬಿದ ಮೇಲೆ ತಿಂಗಳಿಗೆ 1,200 ರೂಪಾಯಿ. ಇದರಲ್ಲಿ ಕೇಂದ್ರದ ಪಾಲು 79 ವರ್ಷದವರೆಗೆ ಬರೀ 200, 80 ತುಂಬಿದವರಿಗೆ 500. 2007ರಲ್ಲಿ ರಾಜ್ಯವೇ ಆರಂಭಿಸಿದ ಸಂಧ್ಯಾ ಸುರಕ್ಷಾ ಯೋಜನೆ 65 ದಾಟಿದ ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು, ಮೀನುಗಾರರು, ಅಸಂಘಟಿತ ಕಾರ್ಮಿಕರಿಗೆ, ಅಲ್ಲಿಯೂ 1,200. ಒಬ್ಬರಿಗೆ ಒಂದೇ ಪಿಂಚಣಿ. ಚಿಕ್ಕ ಮೊತ್ತ ನಿಜ. ಆದರೆ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗೆ ಮಗನ ಮುಂದೆ ಕೈ ಚಾಚದೆ ಇರುವುದು ಈ ದುಡ್ಡಿನಿಂದಲೇ. ಮೂರು ತಿಂಗಳು ತಪ್ಪಿದರೆ ಮೊದಲು ನಿಲ್ಲುವುದು ಆ ಮಾತ್ರೆ.

ಹಣ ಮೂರು ಕೈ ದಾಟಿ ಬರುತ್ತದೆ. ನಾಡಕಚೇರಿಯಲ್ಲಿ ಕೊಟ್ಟ ಅರ್ಜಿಯನ್ನು ಗ್ರಾಮ ಆಡಳಿತ ಅಧಿಕಾರಿ (ಜನ ಇಂದಿಗೂ ವಿ.ಎ. ಎಂದೇ ಕರೆಯುತ್ತಾರೆ) ಮತ್ತು ಕಂದಾಯ ನಿರೀಕ್ಷಕರು ಪರಿಶೀಲಿಸಿದ ಮೇಲೆ ಮಂಜೂರಾತಿ ಆದೇಶವಾಗುತ್ತದೆ. ಆಮೇಲೆ ಪ್ರತಿ ತಿಂಗಳೂ ರಾಜ್ಯ ಖಜಾನೆಯ ಖಜಾನೆ-2 ತಂತ್ರಾಂಶದ ಮೂಲಕ ಬಿಲ್ಲು ಪಾಸಾಗುತ್ತದೆ. ಮೂರನೆಯದಾಗಿ, ಆಧಾರ್ ಸಂಖ್ಯೆಗೆ ಯಾವ ಬ್ಯಾಂಕ್ ಜೋಡಣೆಯಾಗಿದೆಯೋ ಆ ಖಾತೆಗೆ ಜಮಾ ಆಗುತ್ತದೆ. ಕೈಯಲ್ಲಿರುವ ಪಾಸ್‌ಬುಕ್ಕಿಗೇ ಬರಬೇಕು ಎಂದೇನಿಲ್ಲ.

ಪತ್ತೆ ಹಚ್ಚಲು ಸುಲಭದ ದಾರಿ ‘ಡಿಬಿಟಿ ಕರ್ನಾಟಕ’ ಆ್ಯಪ್ (ಡಿಬಿಟಿ ಎಂದರೆ ಸರ್ಕಾರದ ಹಣ ನೇರವಾಗಿ ಖಾತೆಗೆ ಬೀಳುವ ವ್ಯವಸ್ಥೆ). ಆಧಾರ್ ಸಂಖ್ಯೆ ಹಾಕಿ, ಮೊಬೈಲಿಗೆ ಬಂದ ಒಟಿಪಿ ಕೊಟ್ಟರೆ ಯಾವ ಯೋಜನೆಯ ಹಣ ಯಾವ ತಾರೀಖಿಗೆ ಯಾವ ಬ್ಯಾಂಕಿಗೆ ಹೋಯಿತು ಎಂದು ತೋರಿಸುತ್ತದೆ. ಮನೆಯ ಮಕ್ಕಳು, ಮೊಮ್ಮಕ್ಕಳು ಐದು ನಿಮಿಷದಲ್ಲಿ ನೋಡಿಕೊಡಬಹುದು. ಹಣ ಹೋಗಿದೆ ಎಂದು ತೋರಿಸಿದರೆ ತೊಂದರೆ ಬ್ಯಾಂಕಿನಲ್ಲಿ. ಪಿಂಚಣಿಯ ಸಾಲೇ ಇಲ್ಲದಿದ್ದರೆ, ಅಥವಾ ಕೆಲವು ತಿಂಗಳ ಹಿಂದೆ ನಿಂತಿದ್ದರೆ, ತಾಲ್ಲೂಕು ಕಚೇರಿಯನ್ನೇ ಕೇಳಬೇಕು. ಆಧಾರಿಗೆ ಮೊಬೈಲ್ ನಂಬರ್ ಸೇರಿಸದವರಿಗೆ ಒಟಿಪಿ ಬರುವುದಿಲ್ಲ. ಅಂಥವರು ಮೊದಲು ಆಧಾರ್ ಕೇಂದ್ರದಲ್ಲೋ ಅಂಚೆ ಕಚೇರಿಯಲ್ಲೋ ನಂಬರ್ ಸೇರಿಸಲಿ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಕೆಲಸ ಮಾಡುವ ಪೋಸ್ಟ್‌ಮ್ಯಾನ್ ಮನೆ ಬಾಗಿಲಲ್ಲೇ ಇದನ್ನು ಮಾಡಿಕೊಡುತ್ತಾರೆ.

ಇನ್ನು ಬ್ಯಾಂಕ್ ಜೋಡಣೆ. ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿಯೇ. ‘ಆಧಾರ್ ಲಿಂಕ್ ಆಗಿದೆ’ ಎಂದು ಬ್ಯಾಂಕಿನವರು ಹೇಳಿದರೆ ಅದರಲ್ಲಿ ಎರಡು ಅರ್ಥ ಇರುತ್ತದೆ. ಒಂದು, ಗುರುತಿನ ದಾಖಲೆಯಾಗಿ ಆಧಾರ್ ಸಂಖ್ಯೆ ಖಾತೆಯಲ್ಲಿ ನಮೂದಾಗಿದೆ. ಇನ್ನೊಂದು, ಸರ್ಕಾರಿ ಹಣ ಈ ಖಾತೆಗೇ ಬರಲಿ ಎಂದು ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಹಣ ಪಾವತಿ ನೋಡಿಕೊಳ್ಳುವ ಸಂಸ್ಥೆ) ಪಟ್ಟಿಯಲ್ಲಿ ದಾಖಲಾಗಿದೆ. ಪಿಂಚಣಿಗೆ ಬೇಕಾದ್ದು ಎರಡನೆಯದು. ಒಬ್ಬರಿಗೆ ಹತ್ತು ಖಾತೆ ಇದ್ದರೂ ಎನ್‌ಪಿಸಿಐ ಪಟ್ಟಿಯಲ್ಲಿ ಒಂದು ಆಧಾರಿಗೆ ಒಂದೇ ಬ್ಯಾಂಕ್. ಕೊನೆಯದಾಗಿ ಯಾರು ಜೋಡಿಸಿದರೋ ಅವರದ್ದು. ಹೊಸ ಸಿಮ್ ತೆಗೆದುಕೊಳ್ಳುವಾಗ, ಸಂಘದ ಸಾಲಕ್ಕೆ ಹೊಸ ಖಾತೆ ತೆರೆಯುವಾಗ ಅಜ್ಜಿ ಹೆಬ್ಬೆಟ್ಟು ಒತ್ತಿದ್ದೇ ತಡ, ಜೋಡಣೆ ಅತ್ತ ತಿರುಗಿರಬಹುದು. ಹಣ ಕಳೆದಿರುವುದಿಲ್ಲ, ಅವರಿಗೆ ನೆನಪೇ ಇಲ್ಲದ ಇನ್ನೊಂದು ಖಾತೆಯಲ್ಲಿ ತಿಂಗಳು ತಿಂಗಳು ಬೀಳುತ್ತಿರುತ್ತದೆ. ಮೈಆಧಾರ್ ಪೋರ್ಟಲ್‌ನ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ತೆರೆದರೆ ಯಾವ ಬ್ಯಾಂಕ್, ಜೋಡಣೆ ಚಾಲ್ತಿಯಲ್ಲಿದೆಯೇ ಎಂದು ಕಾಣುತ್ತದೆ.

ಬೇಕಾದ ಖಾತೆಗೆ ತಿರುಗಿಸಲು ಆ ಶಾಖೆಗೇ ಹೋಗಿ ಆಧಾರ್ ಸೀಡಿಂಗ್ ಒಪ್ಪಿಗೆ ಫಾರಂ ತುಂಬಬೇಕು. ಈಗ ಜೋಡಣೆಯಾಗಿರುವ ಬ್ಯಾಂಕಿನ ಹೆಸರು ಬರೆಯುವ ಜಾಗ ಅದರಲ್ಲಿರುತ್ತದೆ, ಖಾಲಿ ಬಿಡಬೇಡಿ. ಕೌಂಟರಿನಲ್ಲಿ ‘ಆಧಾರ್ ಲಿಂಕ್ ಮಾಡಿ’ ಎಂದರೆ ಮೊದಲನೆಯದನ್ನೇ ಮಾಡಿ ಕಳಿಸುತ್ತಾರೆ. ‘ಡಿಬಿಟಿಗೆ ಎನ್‌ಪಿಸಿಐ ಮ್ಯಾಪಿಂಗ್ ಮಾಡಿಕೊಡಿ’ ಎಂದು ಹೀಗೇ ಕೇಳಬೇಕು. ಫಾರಂ ಕೊಟ್ಟದ್ದಕ್ಕೆ ಸೀಲು ಹಾಕಿದ ಪ್ರತಿ ತೆಗೆದುಕೊಂಡು, ಕೆಲವು ದಿನ ಬಿಟ್ಟು ಪೋರ್ಟಲ್ಲಿನಲ್ಲಿ ಮತ್ತೆ ನೋಡಿ. ಬದಲಾಗಿಲ್ಲದಿದ್ದರೆ ಆ ಪ್ರತಿ ಹಿಡಿದು ಮ್ಯಾನೇಜರರನ್ನೇ ಕಾಣಿ.

ಕರ್ನಾಟಕದಲ್ಲಿ ಇನ್ನೊಂದು ತೊಡಕಿದೆ. ನಮ್ಮ ಹಿರಿಯರ ಹಳೆಯ ಖಾತೆಗಳಿದ್ದ ಬ್ಯಾಂಕುಗಳ ಹೆಸರೇ ಈಗ ಇಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿದವು. 2025ರ ಮೇ 1ರಿಂದ ಗ್ರಾಮೀಣ ಬ್ಯಾಂಕುಗಳೂ ಒಂದಾದವು. ಟ್ರಂಕಿನಲ್ಲಿಟ್ಟ ಹಳೆಯ ಪಾಸ್‌ಬುಕ್ ತಂದು ತೋರಿಸಿದರೆ ಅದರಲ್ಲಿರುವ ಐಎಫ್‌ಎಸ್‌ಸಿ ನಡೆಯುವುದಿಲ್ಲ. ಹೊಸ ಪಾಸ್‌ಬುಕ್ ಮಾಡಿಸಿಕೊಳ್ಳಿ, ಅರ್ಜಿಗೆ ಅದರ ಪ್ರತಿಯನ್ನೇ ಕೊಡಿ.

ಜೋಡಣೆ ಸರಿಯಿದ್ದೂ ಹಣ ವಾಪಸ್ ಹೋಗುವುದುಂಟು. 2014–15ರಲ್ಲಿ ತೆರೆದ ಜನ್‌ಧನ್ ಖಾತೆಗಳಿಗೆ ಈಗ ಹತ್ತು ವರ್ಷ ದಾಟಿದ್ದು, ಕೆವೈಸಿ (ಗುರುತು, ವಿಳಾಸದ ದಾಖಲೆ ಕೊಡುವುದು) ಮತ್ತೆ ಮಾಡಿಸಬೇಕು. ಮಾಡಿಸದಿದ್ದರೆ ವ್ಯವಹಾರಕ್ಕೆ ತಡೆ ಬೀಳುತ್ತದೆ. ಪೂರ್ತಿ ದಾಖಲೆ ಇಲ್ಲದೆ ತೆರೆದ ‘ಸಣ್ಣ ಖಾತೆ’ಗಳಿಗೆ ಮಿತಿಯೂ ಇದೆ: ಒಟ್ಟು ಶಿಲ್ಕು 50,000, ವರ್ಷದ ಜಮೆ 1 ಲಕ್ಷ, ತಿಂಗಳಿಗೆ ತೆಗೆಯುವುದು 10,000 ರೂಪಾಯಿ ಮೀರುವಂತಿಲ್ಲ. ಆಧಾರ್ ಕೊಟ್ಟು ಪೂರ್ಣ ಕೆವೈಸಿ ಮಾಡಿಸಿದರೆ ಈ ಮಿತಿ ಹೋಗುತ್ತದೆ. ಎರಡು ವರ್ಷ ಮುಟ್ಟದ ಖಾತೆ ನಿಷ್ಕ್ರಿಯವಾಗಿದ್ದರೆ ಚಾಲೂ ಮಾಡಲು ಬ್ಯಾಂಕ್ ಶುಲ್ಕ ಕೇಳುವಂತಿಲ್ಲ.

ತಾಲ್ಲೂಕು ಕಚೇರಿಯಲ್ಲಿ ನಿಂತ ಪಿಂಚಣಿಯ ಕಥೆ ಬೇರೆ. ಪರಿಶೀಲನೆಗೆ ಊರಿಗೆ ಹೋದಾಗ ಮನೆಗೆ ಬೀಗ ಇದ್ದರೆ ‘ವಿಳಾಸದಲ್ಲಿಲ್ಲ’ ಎಂದು ದಾಖಲಾಗಬಹುದು. ಮಗಳ ಬಾಣಂತನಕ್ಕೆ ಹೋದವರು, ಕಣ್ಣಿನ ಆಪರೇಷನ್ನಿಗೆ ಮಗನ ಮನೆಗೆ ಹೋಗಿ ನಾಲ್ಕು ತಿಂಗಳು ಉಳಿದವರು ಹೀಗೆ ಪಟ್ಟಿಯಿಂದ ಬೀಳುತ್ತಾರೆ. ಅದೇ ಹೆಸರಿನ ಇನ್ನೊಬ್ಬರು ತೀರಿಕೊಂಡಾಗ ಬದುಕಿರುವವರ ಪಿಂಚಣಿ ನಿಲ್ಲುವುದೂ ಇದೆ. ಒಂದೇ ಊರಿನಲ್ಲಿ ನಾಲ್ಕು ಜನ ಲಕ್ಷ್ಮಮ್ಮಂದಿರಿದ್ದರೆ ಇದು ಆಶ್ಚರ್ಯವಲ್ಲ. ಬಿಪಿಎಲ್ ಕಾರ್ಡ್ ಎಪಿಎಲ್‌ಗೆ ಬದಲಾದರೆ ಪಿಂಚಣಿಗೂ ಪೆಟ್ಟು ಬೀಳಬಹುದು, ಆಗ ಮೊದಲು ಆಹಾರ ಶಾಖೆಯಲ್ಲಿ ಕಾರ್ಡ್ ಸರಿಪಡಿಸಬೇಕು.

ಇಲ್ಲೆಲ್ಲ ಬಾಯಿಮಾತಿನ ಉತ್ತರ ತೆಗೆದುಕೊಂಡು ಹಿಂತಿರುಗಬಾರದು. ತಹಶೀಲ್ದಾರರ ಹೆಸರಿಗೆ ಒಂದು ಪುಟದ ಅರ್ಜಿ ಸಾಕು: ಹೆಸರು, ಮಂಜೂರಾತಿ ಆದೇಶದ ಸಂಖ್ಯೆ, ಕೊನೆಯದಾಗಿ ಹಣ ಬಂದ ತಿಂಗಳು, ‘ನಿಲ್ಲಿಸಿದ ಕಾರಣ ತಿಳಿಸಿ, ಮರುಚಾಲನೆ ಮಾಡಿ’ ಎಂಬ ಎರಡು ಸಾಲು. ಜೊತೆಗೆ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ಕಿನ ಮೊದಲ ಪುಟ ಮತ್ತು ಕೊನೆಯ ಜಮೆ ಇರುವ ಪುಟದ ಪ್ರತಿ. ಟಪಾಲು ವಿಭಾಗದಲ್ಲಿ ಕೊಟ್ಟು ಇನ್ನೊಂದು ಪ್ರತಿಗೆ ಮೊಹರು, ತಾರೀಖು ಹಾಕಿಸಿಕೊಳ್ಳಿ. ಆದೇಶದ ಪತ್ರ ಕಳೆದಿದ್ದರೆ ಆಧಾರ್ ಸಂಖ್ಯೆಯಿಂದ ಹುಡುಕಿಕೊಡಲು ಕೇಸ್ ವರ್ಕರನ್ನು ಕೇಳಬಹುದು. ಪಿಂಚಣಿಯ ದೂರುಗಳನ್ನು ವಿಚಾರಿಸುವ ಪಿಂಚಣಿ ಅದಾಲತ್ ನಡೆಯುವ ದಿನ ಹೋದರೆ ವಿ.ಎ.ಯಿಂದ ಹಿಡಿದು ತಹಶೀಲ್ದಾರರವರೆಗೆ ಎಲ್ಲರೂ ಒಂದೇ ಜಾಗದಲ್ಲಿ ಸಿಗುತ್ತಾರೆ.

ಹೊಸ ಅರ್ಜಿಗಳು ಬಹುಪಾಲು ಬಿದ್ದುಹೋಗುವುದು ವಯಸ್ಸಿನಲ್ಲಿ. ಶಾಲೆಗೆ ಹೋಗದವರ ಆಧಾರಿನಲ್ಲಿ ಅಂದಾಜು ವರ್ಷ ಹಾಕಿ ಜನವರಿ 1 ಎಂದು ಬರೆದಿರುತ್ತಾರೆ. ಎಪ್ಪತ್ತರ ಅಜ್ಜನಿಗೆ ಅದರಲ್ಲಿ ಐವತ್ತೆಂಟು. ಆಧಾರಿನಲ್ಲಿ ಜನ್ಮದಿನಾಂಕ ತಿದ್ದಲು ಸಾಮಾನ್ಯವಾಗಿ ಒಂದೇ ಅವಕಾಶ, ಹೆಸರಿಗೆ ಎರಡು. ಆದ್ದರಿಂದ ಕೈಯಲ್ಲಿ ಗಟ್ಟಿ ದಾಖಲೆ ಇಲ್ಲದೆ ತಿದ್ದಲು ಹೋಗಬೇಡಿ. ಅರ್ಜಿ ಕೊಟ್ಟ ಮೇಲೆ ಸಕಾಲ (ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕೆಂಬ ರಾಜ್ಯದ ವ್ಯವಸ್ಥೆ) ಸ್ವೀಕೃತಿ ಚೀಟಿ ಜೋಪಾನ. ಅದರಲ್ಲಿ 15 ಅಂಕಿಯ ಜಿಎಸ್‌ಸಿ ಸಂಖ್ಯೆ, ಗಡುವಿನ ತಾರೀಖು ಇರುತ್ತವೆ. ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವನ್ನೂ ಕೇಳಬಹುದು. ಪರಿಹಾರದ ಮೊತ್ತಕ್ಕಿಂತ ಮೇಲ್ಮನವಿಯ ಸಂಖ್ಯೆಗೇ ಬೆಲೆ ಹೆಚ್ಚು, ಅದು ಬಿದ್ದ ಮೇಲೆ ಕಡತ ಅಲುಗುತ್ತದೆ.

ಖಾತೆಗೆ ಬಂದ ಹಣ ಕೈಗೆ ಬರುವುದೂ ಒಂದು ಕೆಲಸ. ಕಳೆ ಕಿತ್ತು, ಬೀಡಿ ಕಟ್ಟಿ ಸವೆದ ಬೆರಳನ್ನು ಯಂತ್ರ ಓದುವುದಿಲ್ಲ. ಕೈ ತೊಳೆದು ಒರೆಸಿ, ಹತ್ತೂ ಬೆರಳು ನೋಡಿ. ಹೆಬ್ಬೆಟ್ಟಿಗಿಂತ ಉಂಗುರದ ಬೆರಳು ಕಡಿಮೆ ಸವೆದಿರಬಹುದು. ಊರಲ್ಲಿ ಬ್ಯಾಂಕಿನ ಪರವಾಗಿ ಹಣ ಕೊಡುವ ಬ್ಯಾಂಕ್ ಮಿತ್ರರ ಹತ್ತಿರ ‘ಫೇಲ್ ಆಯ್ತು, ನಾಳೆ ಬನ್ನಿ’ ಎಂಬ ಉತ್ತರ ಬಂದರೆ ಅಲ್ಲೇ ಮಿನಿ ಸ್ಟೇಟ್‌ಮೆಂಟ್ ಕೇಳಿ, ಹಣ ಕಡಿತವಾಗಿದೆಯೇ ನೋಡಿಕೊಂಡೇ ಹೊರಡಿ. ಅವರಿಗೆ ಬ್ಯಾಂಕ್ ಕಮಿಷನ್ ಕೊಡುತ್ತದೆ, ನೀವು ಇಪ್ಪತ್ತು ಮೂವತ್ತು ಕೊಡಬೇಕಿಲ್ಲ. ಹಾಸಿಗೆ ಹಿಡಿದವರ ಹೆಬ್ಬೆಟ್ಟು ಅಥವಾ ಕಾಲ್ಬೆರಳ ಗುರುತನ್ನು ಇಬ್ಬರು ಸಾಕ್ಷಿಗಳ ಮುಂದೆ ಪಡೆದು ಹಣ ಕೊಡಬೇಕು, ಅವರಲ್ಲೊಬ್ಬರು ಬ್ಯಾಂಕ್ ಅಧಿಕಾರಿಯಾಗಿರಬೇಕು ಎಂಬುದು ರಿಸರ್ವ್ ಬ್ಯಾಂಕಿನ ಸೂಚನೆ. 70 ದಾಟಿದವರಿಗೆ ಮನೆ ಬಾಗಿಲಿಗೆ ಸೇವೆ ಕೊಡಲು 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಶಾಖೆಗೆ ಬರೆದು ಕೇಳಿದರೆ ಅಲ್ಲಗಳೆಯುವುದು ಕಷ್ಟ.

ಪಿಂಚಣಿ ಮತ್ತೆ ಶುರುವಾದಾಗ ನಿಂತ ತಿಂಗಳುಗಳ ಬಾಕಿ ತಾನಾಗಿ ಬರುತ್ತದೆ ಎಂದು ಕಾಯಬೇಡಿ. ಯಾವ ತಿಂಗಳಿಂದ ಯಾವ ತಿಂಗಳವರೆಗೆ ಜಮೆಯಾಗಿಲ್ಲ ಎಂದು ಪಾಸ್‌ಬುಕ್ ಎಂಟ್ರಿ ಮಾಡಿಸಿ, ಆ ಪುಟಗಳ ಪ್ರತಿ ಲಗತ್ತಿಸಿ, ಬಾಕಿಗೆಂದೇ ಬೇರೆ ಅರ್ಜಿ ಕೊಡಿ.