ಅಕಾ, ಉಕಾ ಮತ್ತು ಕಳೆದುಹೋದ ಸೋದರಮಾವ

ತಾಷ್ಕೆಂಟ್ ಕಡೆಯ ಉಜ್ಬೆಕ್ ಮಾತಿನಲ್ಲಿ ಅಣ್ಣ ‘ಅಕಾ’, ತಮ್ಮ ‘ಉಕಾ’, ಅಕ್ಕ ‘ಓಪಾ’, ತಂಗಿ ‘ಸಿಂಗಿಲ್’. ಒಡಹುಟ್ಟಿದವರ ಮಾತೆತ್ತಿದೊಡನೆ ಹಿರಿಯರು ಯಾರು, ಕಿರಿಯರು ಯಾರು ಎಂಬುದು ನಮ್ಮಲ್ಲಿಯ ಹಾಗೆಯೇ ಅಲ್ಲೂ ತಿಳಿದುಬಿಡುತ್ತದೆ. ಗುರುತಿಲ್ಲದವರನ್ನೂ ಗೌರವದಿಂದ ‘ಅಕಾ’ ಎಂದೇ ಕರೆಯುತ್ತಾರೆ. ಇಂಗ್ಲಿಷಿನ ‘ಬ್ರದರ್’, ರಷ್ಯನ್ನಿನ ‘ಬ್ರಾತ್’ ವಯಸ್ಸಿನ ಸುದ್ದಿಗೇ ಹೋಗುವುದಿಲ್ಲ. ಹಾಗಾಗಿ ರಷ್ಯನ್ ಕಥೆಯನ್ನು ಉಜ್ಬೆಕಿಗೋ ಕನ್ನಡಕ್ಕೋ ತರುವವರು ಮೊದಲು ಹುಟ್ಟಿದವರು ಯಾರೆಂದು ಪುಟಗಳಲ್ಲಿ ಹುಡುಕಬೇಕು.

ಹೆತ್ತವರ ಒಡಹುಟ್ಟಿದವರ ವಿಷಯ ಇನ್ನೂ ಸ್ವಾರಸ್ಯದ್ದು. ಉಜ್ಬೆಕರಿಗೆ ತಂದೆಯ ಸೋದರ ‘ಅಮಕಿ’, ತಾಯಿಯ ಸೋದರ ‘ತೊಗಾ’, ತಾಯಿಯ ಸೋದರಿ ‘ಖೋಲಾ’. ಸೋದರತ್ತೆಗೆ ಅವರು ಅನ್ನುವುದು ‘ಅಮ್ಮಾ’! ಇದು ಅರಬ್ಬಿಯಿಂದ ಬಂದ ಪದ. ಇಂಗ್ಲಿಷ್ ಇವರೆಲ್ಲರನ್ನೂ ಎರಡೇ ಪದಗಳಲ್ಲಿ ಮುಗಿಸುತ್ತದೆ. ಇದನ್ನು ಆ ಭಾಷೆಯ ಹುಟ್ಟುಬಡತನ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಹಳೆಯ ಇಂಗ್ಲಿಷಿನಲ್ಲಿ ತಂದೆಯ ಸೋದರನಿಗೆ ‘ಫೆದೆರಾ’, ಸೋದರಮಾವನಿಗೆ ‘ಏಅಮ್’ ಎಂಬ ಬೇರೆ ಬೇರೆ ಪದಗಳಿದ್ದವು. ಅತ್ತೆಗೂ ತಾಯಿಯ ಸೋದರಿಗೂ ಹಾಗೆಯೇ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲಿನ ಶತಮಾನಗಳಲ್ಲಿ ಫ್ರೆಂಚಿನ ‘ಅಂಕಲ್’, ‘ಆಂಟ್’ ಬಂದು ಆ ನಾಲ್ಕನ್ನೂ ಬದಿಗೊತ್ತಿದವು. ‘ಅಂಕಲ್’ನ ಮೂಲವಾದ ಲ್ಯಾಟಿನ್ ಪದಕ್ಕಾದರೂ ಸೋದರಮಾವ ಎಂದೇ ಅರ್ಥ.

ರಷ್ಯನ್ನಿನಲ್ಲೂ ತಂದೆಯ ಕಡೆ, ತಾಯಿಯ ಕಡೆ ಎಂಬ ಭೇದ ಅಳಿದು ಇಬ್ಬರೂ ‘ದ್ಯಾದ್ಯಾ’ ಆದರು. ಅದರ ಸಿರಿ ಉಳಿದದ್ದು ಮದುವೆಯ ನೆಂಟಸ್ತಿಕೆಯಲ್ಲಿ: ಗಂಡನ ಸೋದರ ‘ದೇವೆರ್’ (ಮೈದುನ ಎಂಬರ್ಥದ ನಮ್ಮ ಸಂಸ್ಕೃತದ ‘ದೇವರ’ನ ಬಳಗದವನೇ), ಹೆಂಡತಿಯ ಸೋದರ ‘ಶೂರಿನ್’, ಗಂಡನ ಸೋದರಿ ‘ಜೊಲೋವ್ಕಾ’, ಷಡ್ಡಕ ‘ಸ್ವೊಯಾಕ್’. ಉಜ್ಬೆಕಿನಲ್ಲಿ ಷಡ್ಡಕ ‘ಬೋಜಾ’, ಓರಗಿತ್ತಿ ‘ಒವ್ಸಿನ್’, ಬೀಗರು ‘ಕುದಾ’. ಬೀಗರಿಗೆ ಇಂಗ್ಲಿಷಿನಲ್ಲಿ ಬಳಕೆಯ ಒಂಟಿ ಪದವೇ ಇಲ್ಲ.

ಸಂಶೋಧಕರಾದ ಚಾರ್ಲ್ಸ್ ಕೆಂಪ್ ಮತ್ತು ಟೆರಿ ರೀಜಿಯರ್ 2012ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಜಗತ್ತಿನ ನೂರಾರು ಭಾಷೆಗಳ ನೆಂಟಸ್ತಿಕೆಯ ಪದಗಳನ್ನು ಪರಿಶೀಲಿಸಿದರು. ನೆನಪಿಗೆ ಹೊರೆಯಾಗದಷ್ಟು ಸರಳ, ಗೊಂದಲವಾಗದಷ್ಟು ಸ್ಪಷ್ಟ: ಈ ಎರಡು ಒತ್ತಡಗಳ ನಡುವೆಯೇ ಎಲ್ಲ ಭಾಷೆಗಳೂ ತಮ್ಮ ದಾರಿ ಹುಡುಕಿಕೊಂಡಿರುವುದು ಕಂಡುಬಂತು. ಆ ಹುಡುಕಾಟ ಮುಗಿದಿಲ್ಲ. ಕೂಡುಕುಟುಂಬ ಒಡೆದ ರಷ್ಯನ್ ನಗರಗಳಲ್ಲಿ ‘ಶೂರಿನ್’ ಯಾರು, ‘ದೇವೆರ್’ ಯಾರು ಎಂದು ಅನೇಕರು ಈಗ ತಡವರಿಸುತ್ತಾರೆ. ‘ಹೆಂಡತಿಯ ಸೋದರ’ ಎಂದೇ ಬಿಡಿಸಿ ಹೇಳುತ್ತಾರೆ.