ಕುರುಕ್ಷೇತ್ರದ ಗ್ರಹಣಕ್ಕೆ ತಾರೀಖು ಹಚ್ಚುವ ಮೊದಲು

ಗ್ರಹಣ ಹತ್ತಿರ ಬಂತೆಂದರೆ ಪುಣೆ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ವಾದ ತಪ್ಪದೆ ಓಡಾಡುತ್ತದೆ. ಕುರುಕ್ಷೇತ್ರ ಯುದ್ಧದ ಹೊತ್ತಿಗೆ ಒಂದು ಗ್ರಹಣವಾದ ಹದಿಮೂರನೇ ದಿನಕ್ಕೇ ಎರಡನೇ ಗ್ರಹಣ, ಪುಷ್ಯ ನಕ್ಷತ್ರದಲ್ಲಿ ಧೂಮಕೇತು. ಹಾಗಾಗಿ ಮಹಾಭಾರತದ ಕಾಲಕ್ಕೆ ಆಕಾಶದಿಂದ ಏನೋ ಬಂದು ಭೂಮಿಗೆ ಬಡಿದಿತ್ತು ಅಂತ. ಪುರಾವೆಗೆ, ಯಾವ ದಿನದ ಆಕಾಶವನ್ನಾದರೂ ಲೆಕ್ಕ ಹಾಕಿ ತೋರಿಸುವ ಸ್ಟೆಲ್ಲೇರಿಯಂ ಸಾಫ್ಟ್‌ವೇರಿನ ಸ್ಕ್ರೀನ್‌ಶಾಟ್.

ಮೊದಲು ಶ್ಲೋಕ ನೋಡಿ. ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಸ್ಥೆ ಇಲ್ಲೇ ಪುಣೆಯ ಲಾ ಕಾಲೇಜ್ ರಸ್ತೆಯಲ್ಲಿದೆ. 1966ರಲ್ಲಿ ಮುಗಿದ ಅದರ ಮಹಾಭಾರತದ ಸಂಶೋಧಿತ ಆವೃತ್ತಿಯಲ್ಲಿ ಭೀಷ್ಮಪರ್ವದ ಮೂರನೇ ಅಧ್ಯಾಯ ತೆರೆಯಿರಿ. ಗ್ರಹಣವೂ ಇದೆ, ಧೂಮಕೇತುವೂ ಇದೆ. ಆದರೆ ಅಧ್ಯಾಯ ಶುರುವಾಗುವುದೇ ಹಸುಗಳ ಹೊಟ್ಟೆಯಲ್ಲಿ ಕತ್ತೆ ಹುಟ್ಟುವುದರಿಂದ. ಇದು ಅಪಶಕುನಗಳ ಪಟ್ಟಿ. ಕತ್ತೆಯನ್ನು ಬಿಟ್ಟು ಧೂಮಕೇತುವನ್ನು ಮಾತ್ರ ವೀಕ್ಷಣೆಯ ದಾಖಲೆ ಅನ್ನುವುದಕ್ಕೆ ಕಾರಣ ಬೇಕಲ್ಲ? ಅದನ್ನು ಯಾರೂ ಕೊಡುವುದಿಲ್ಲ.

ಇರಲಿ, ಲೆಕ್ಕ ಹಾಕಿಯೇ ನೋಡೋಣ. ಸಾಫ್ಟ್‌ವೇರಿನಲ್ಲಿ ಸೊನ್ನೆ ವರ್ಷವೂ ಇರುವುದರಿಂದ, ಯುದ್ಧಕ್ಕೆ ಕೆಲವರು ಹೇಳುವ ಕ್ರಿ.ಪೂ. 3067 ಬೇಕಿದ್ದರೆ −3066 ಎಂದು ಹಾಕಬೇಕು. ಸ್ಥಳ ಕುರುಕ್ಷೇತ್ರ ಇರಲಿ. ಪುಣೆಯನ್ನೇ ಬಿಟ್ಟರೆ ರೇಖಾಂಶದಲ್ಲಿ 3 ಡಿಗ್ರಿ, ಅಂದರೆ 12 ನಿಮಿಷ ತಪ್ಪುತ್ತದೆ. ಇವೆಲ್ಲ ಸಣ್ಣವು. ನಿಜವಾದ ತೊಡಕು ಡೆಲ್ಟಾ ಟಿ.

ಸಮುದ್ರದ ಉಬ್ಬರವಿಳಿತ ಭೂಮಿಯ ತಿರುಗುವಿಕೆಯನ್ನು ನಿಧಾನ ಮಾಡುತ್ತಾ ಬಂದಿದೆ. ಹಾಗಾಗಿ ಭೂಮಿಯ ಗಡಿಯಾರಕ್ಕೂ ಒಂದೇ ಗತಿಯ ಗಡಿಯಾರಕ್ಕೂ ವ್ಯತ್ಯಾಸ ಕೂಡುತ್ತಾ ಹೋಗುತ್ತದೆ. ಆ ವ್ಯತ್ಯಾಸವೇ ಡೆಲ್ಟಾ ಟಿ. ರೂಢಿಯ ಸೂತ್ರದ ಪ್ರಕಾರ −3066ಕ್ಕೆ ಇದು ಸುಮಾರು 21 ಗಂಟೆ. ಒರೆಗೆ ಹಚ್ಚಲು ಬೇಕಾದ ಬ್ಯಾಬಿಲೋನಿನ ಗ್ರಹಣ ದಾಖಲೆಗಳು ಸಿಗುವುದು ಸುಮಾರು ಕ್ರಿ.ಪೂ. 720ರಿಂದ ಈಚೆಗೆ, ಅದಕ್ಕೂ ಹಿಂದಿನದು ಅಂದಾಜು. ಅಷ್ಟು ಹಿಂದಕ್ಕೆ ಹೋದರೆ ಎರಡು ಗಂಟೆ ಆಚೀಚೆ ಆಗುವುದು ಸಹಜ. ಎರಡು ಗಂಟೆ ಅಂದರೆ 30 ಡಿಗ್ರಿ: ಕುರುಕ್ಷೇತ್ರಕ್ಕೆಂದು ಹುಡುಕಿದ ಸೂರ್ಯಗ್ರಹಣದ ನೆರಳು ಇರಾಕಿನ ಬಸ್ರಾದ ಹತ್ತಿರ ಬಿದ್ದಿರಬಹುದು.

ಹದಿಮೂರು ದಿನದ ಅಂತರದ ಎರಡು ಗ್ರಹಣಗಳ ಲೆಕ್ಕವಂತೂ ಇಷ್ಟು ತಪ್ಪನ್ನು ತಾಳುವುದೇ ಇಲ್ಲ. ಹುಣ್ಣಿಮೆಯಿಂದ ಅಮಾವಾಸ್ಯೆಗೆ ಎಷ್ಟು ಕಡಿಮೆಯೆಂದರೂ ಸುಮಾರು 13.9 ದಿನ ಬೇಕು. ಸೂರ್ಯೋದಯ ಎಣಿಸಿ ಹದಿಮೂರು ಅನ್ನಬೇಕಾದರೆ ಒಂದು ಗ್ರಹಣವಾದರೂ ದಿಗಂತದ ಅಂಚಿನಲ್ಲಿ ನಡೆದಿರಬೇಕು. ಅಲ್ಲಿ ಅರ್ಧ ಗಂಟೆ ಹಿಂದುಮುಂದಾದರೂ ಗ್ರಹಣ ಕಂಡಿತೋ ಇಲ್ಲವೋ ಎಂಬುದೇ ಬದಲಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಡೆಲ್ಟಾ ಟಿ ಸೂತ್ರ ಬದಲಿಸಿ ಅದೇ ತಾರೀಖನ್ನು ಮತ್ತೆ ನೋಡಿ. ಗ್ರಹಣ ದಿಗಂತದ ಕೆಳಗಿಳಿದರೆ ಆ ತಾರೀಖನ್ನು ಕೈಬಿಡಿ.

ಇನ್ನು ಬ್ರಹ್ಮಾಸ್ತ್ರ ಬಿದ್ದ ಗುಳಿ ಎಂದು ತೋರಿಸುವ ಬುಲ್ಢಾಣಾ ಜಿಲ್ಲೆಯ ಲೋಣಾರ್ ಸರೋವರ. ಸುಮಾರು 1.8 ಕಿ.ಮೀ. ಅಗಲದ ಆ ಗುಳಿ ಉಲ್ಕೆಯ ಹೊಡೆತದಿಂದಲೇ ಆದದ್ದು. ಆ ಆಘಾತಕ್ಕೆ ಗಾಜಿನಂತಾದ ಖನಿಜ, ಫೆಲ್ಡ್‌ಸ್ಪಾರ್ ಅಲ್ಲಿನ ಬಸಾಲ್ಟ್ ಕಲ್ಲಿನಲ್ಲಿ ಸಿಗುತ್ತದೆ. ವಯಸ್ಸು, ಕಾಯಿಸಿದಾಗ ಹೊಮ್ಮುವ ಬೆಳಕನ್ನು ಅಳೆಯುವ ಹಳೆಯ ಥರ್ಮೋಲ್ಯೂಮಿನೆಸೆನ್ಸ್ ಅಳತೆಯಲ್ಲಿ 52,000 ವರ್ಷ, ಕಲ್ಲಿನಲ್ಲಿ ಸೇರಿದ ಆರ್ಗಾನ್ ಅನಿಲದ ಅಳತೆಯಲ್ಲಿ ಸುಮಾರು 5,70,000. ಯಾವುದನ್ನು ಹಿಡಿದರೂ ಪಾಂಡವರು ಅದರ ಹತ್ತಿರಕ್ಕೂ ಬರುವುದಿಲ್ಲ.