ಪದೇ ಪದೇ ಹೊರಳುವ ಕಾಲು: ಕೀಲು ಎಷ್ಟು ಸಡಿಲ ಅಂತ ಅಳೆಯೋದು ಹೇಗೆ?

ಓದುಗರ ಪ್ರಶ್ನೆ: ಎರಡು ವರ್ಷದ ಹಿಂದೆ ಶಟಲ್ ಆಡುವಾಗ ಬಲಗಾಲು ಉಳುಕಿತ್ತು. ಊತ ಇಳಿಯಿತು. ಆದರೆ ಈಗಲೂ ಹಳ್ಳ ದಿಣ್ಣೆ ಸಿಕ್ಕರೆ ಸಾಕು, ಕಾಲು ಹೊರಳುತ್ತದೆ. ಡಾಕ್ಟರು ಹಿಮ್ಮಡಿ ಹಿಡಿದು ಎಳೆದು ನೋಡಿ "ಲಿಗಮೆಂಟ್ ಲೂಸ್ ಆಗಿದೆ" ಅಂದರು. ಎಷ್ಟು ಲೂಸ್ ಅಂತ ಎಂಆರ್‌ಐ ರಿಪೋರ್ಟಿನಲ್ಲಿ ಇಲ್ಲ. ಅದನ್ನು ಅಳೆಯಲು ಆಗುವುದಿಲ್ಲವೇ?

ಅಳೆಯಬಹುದು. ಆದರೆ ಮಾಮೂಲಿ ಎಂಆರ್‌ಐನಲ್ಲಿ ಅಲ್ಲ. ಅದು ನೀವು ಸುಮ್ನೆ ಮಲಗಿರುವಾಗ ತೆಗೆದ ಚಿತ್ರ. ಲಿಗಮೆಂಟ್, ಅಂದರೆ ಮೂಳೆಗಳನ್ನು ಕಟ್ಟಿಹಿಡಿಯುವ ಪಟ್ಟಿ, ಹರಿದಿದೆಯಾ, ಒಳಗೆ ಮೂಳೆ ತುದಿಯ ನುಣುಪು ಹೊದಿಕೆಯಾದ ಕಾರ್ಟಿಲೇಜ್‌ಗೆ ಪೆಟ್ಟಾಗಿದೆಯಾ ಅಂತ ಅದರಲ್ಲಿ ಕಾಣುತ್ತದೆ. ಕೀಲು ಎಷ್ಟು ಜಾರುತ್ತದೆ ಅನ್ನೋದು ಮಾತ್ರ ಎಳೆದು ನೋಡಿದರೇ ಗೊತ್ತಾಗುವುದು.

ನಿಮ್ಮ ಡಾಕ್ಟರು ಮಾಡಿದ್ದೂ ಅದನ್ನೇ. ಇದಕ್ಕೆ ಆಂಟೀರಿಯರ್ ಡ್ರಾಯರ್ ಪರೀಕ್ಷೆ ಅನ್ನುತ್ತಾರೆ. ಮಂಚದ ಅಂಚಿನಲ್ಲಿ ಮಂಡಿ ಮಡಿಸಿ ಕೂರಿಸುತ್ತಾರೆ. ಮಂಡಿ ನೆಟ್ಟಗಿದ್ದರೆ ಮೀನಖಂಡ ಬಿಗಿಯಾಗಿ ಹಿಮ್ಮಡಿಯನ್ನು ಹಿಡಿದುಬಿಡುತ್ತದೆ. ಪಾದದ ಬೆರಳ ತುದಿ ಸ್ವಲ್ಪ ಕೆಳಗೆ ಬಾಗಿರಬೇಕು. ಡಾಕ್ಟರ ಒಂದು ಕೈ ಗಿಣ್ಣಿಗಿಂತ ಮೇಲಿರುವ ಕಾಲಿನ ಮೂಳೆಯನ್ನು ಅಲುಗದಂತೆ ಹಿಡಿಯುತ್ತದೆ, ಇನ್ನೊಂದು ಹಿಮ್ಮಡಿಯನ್ನು ಬೊಗಸೆಯಲ್ಲಿಟ್ಟು ಮುಂದಕ್ಕೆ ಎಳೆಯುತ್ತದೆ. ಹೊರಗಿನ ಗಿಣ್ಣಿನಿಂದ ಪಾದದ ಮೂಳೆಗೆ ಒಂದು ಗಿಡ್ಡ ಪಟ್ಟಿಯಂಥ ಲಿಗಮೆಂಟ್ ಇದೆ. ಉಳುಕಿದಾಗ ಸಾಮಾನ್ಯವಾಗಿ ಮೊದಲು ಹರಿಯುವುದು ಅದೇ. ಅದು ಸಡಿಲವಾಗಿದ್ದರೆ ಪಾದ ಜಾರಿ ಮುಂದೆ ಬರುತ್ತದೆ. ಕೆಲವರಲ್ಲಿ ಆ ಕ್ಷಣ ಗಿಣ್ಣಿನ ಮುಂದೆ ಚರ್ಮ ಒಳಕ್ಕೆ ಹೋಗಿ ಪುಟ್ಟ ಗುಳಿ ಬೀಳುತ್ತದೆ. ಹಿಮ್ಮಡಿಯನ್ನು ಒಳಕ್ಕೆ ಓರೆ ಮಾಡಿ ನೋಡುವ ಪರೀಕ್ಷೆಯೂ ಉಂಟು.

ಆದರೆ ಕೈಯ ಅಂದಾಜು ಒಬ್ಬರಿಂದ ಒಬ್ಬರಿಗೆ ಬೇರೆಯಾಗುತ್ತದೆ. ಸಂಖ್ಯೆಯೇ ಬೇಕಾದಾಗ ಸ್ಟ್ರೆಸ್ ಎಕ್ಸ್‌ರೇ ತೆಗೆಯುತ್ತಾರೆ. ಸಾಧನವೊಂದು ಸಾಮಾನ್ಯವಾಗಿ 150 ನ್ಯೂಟನ್ ಬಲದಲ್ಲಿ ಕೀಲನ್ನು ಒತ್ತಿ ಹಿಡಿದಿರುತ್ತದೆ. ಅಂದರೆ ಸುಮಾರು 15 ಕಿಲೋ ಭಾರದಷ್ಟು. ಪಾದದ ಮೂಳೆ 10 ಮಿ.ಮೀ.ಗಿಂತ ಜಾಸ್ತಿ ಮುಂದೆ ಜಾರಿದರೆ, ಅಥವಾ ಇನ್ನೊಂದು ಕಾಲಿಗಿಂತ 3ರಿಂದ 5 ಮಿ.ಮೀ. ಜಾಸ್ತಿ ಬಂದರೆ ಸಡಿಲ ಅಂತ ಹೇಳುವುದು ವಾಡಿಕೆ. ಈ ಗಡಿಯನ್ನು ಎಲ್ಲರೂ ಒಂದೇ ಕಡೆ ಎಳೆಯುವುದಿಲ್ಲ. ಎಕ್ಸ್‌ರೇ ಇಲ್ಲದೆ ಬಲವನ್ನೂ ಜಾರಿಕೆಯನ್ನೂ ಅಳೆಯುವ ಆರ್ತ್ರೋಮೀಟರ್ ಹೆಚ್ಚಾಗಿ ಸಂಶೋಧನೆಯಲ್ಲಿ ಬಳಕೆಯಲ್ಲಿದೆ. ಎಳೆಯುತ್ತಲೇ ಅಲ್ಟ್ರಾಸೌಂಡ್‌ನಲ್ಲಿ ನೋಡುವುದೂ ಇದೆ.

ಯಾವ ವಿಧಾನವಾದರೂ ಎಡಗಾಲನ್ನೂ ಹಾಗೇ ಪರೀಕ್ಷಿಸಬೇಕು. ಮಾಡದಿದ್ದರೆ ನೀವೇ ಕೇಳಿ. ಹೆಬ್ಬೆರಳು ಬಗ್ಗಿಸಿ ಮುಂಗೈಗೆ ತಾಗಿಸುವವರನ್ನು ನೋಡಿರುತ್ತೀರಿ, ಅಲ್ವಾ? ಅಂಥವರ ಕೀಲುಗಳೆಲ್ಲ ಹುಟ್ಟಿನಿಂದಲೇ ಸಡಿಲ ಇರಬಹುದು. ಅವರ ಬಲಗಾಲಿನ ಸಂಖ್ಯೆಯೊಂದನ್ನೇ ನೋಡಿ ಗಾಯ ಅಂದುಕೊಂಡರೆ ತಪ್ಪಾಗುತ್ತದೆ.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಇನ್ನೊಂದು. ಕೀಲು ಸಡಿಲ ಇರುವುದು ಬೇರೆ, ಕಾಲು ಹೊರಳುವುದು ಬೇರೆ. ಎಕ್ಸ್‌ರೇಯಲ್ಲಿ ಸಡಿಲ ಕಂಡರೂ ಆರಾಮಾಗಿ ಓಡಾಡುವವರಿದ್ದಾರೆ. ಕೀಲು ಬಿಗಿಯಾಗಿದ್ದರೂ ಮೆಟ್ಟಿಲಿಳಿಯಲು ಹೆದರುವವರಿದ್ದಾರೆ. ಲಿಗಮೆಂಟ್‌ಗೆ ಪೆಟ್ಟಾದಾಗ ಅದರೊಳಗಿನ ನರಗಳಿಗೂ ಪೆಟ್ಟಾಗಿ, ಪಾದ ಎತ್ತ ವಾಲುತ್ತಿದೆ ಎಂಬ ಸುದ್ದಿ ಸರಿಯಾಗಿ ತಲುಪದೇ ಇರಬಹುದು ಎಂದು ಬ್ರಿಟಿಷ್ ಮೂಳೆ ತಜ್ಞ ಫ್ರೀಮನ್ 1965ರಲ್ಲೇ ಹೇಳಿದ್ದರು. ಆದ್ದರಿಂದ ಈ ತೊಂದರೆಯನ್ನು ಗುರುತಿಸಲು ಮಿ.ಮೀ. ಲೆಕ್ಕದ ಜೊತೆ ನಿಮ್ಮ ಅನುಭವವನ್ನೂ ಕೇಳುತ್ತಾರೆ. ಕೇಟ್ (CAIT) ಎಂಬ ಪ್ರಶ್ನಾವಳಿಯಲ್ಲಿ 9 ಪ್ರಶ್ನೆ, ಒಟ್ಟು 30 ಅಂಕ. ಸಂಶೋಧಕರ ಅಂತರರಾಷ್ಟ್ರೀಯ ತಂಡವೊಂದು 2013ರಲ್ಲಿ 24 ಅಥವಾ ಅದಕ್ಕಿಂತ ಕಡಿಮೆ ಅಂಕವನ್ನು ಅಸ್ಥಿರತೆಯ ಗುರುತು ಎಂದು ಸೂಚಿಸಿತು.

ಹಾಗಾಗಿ ಬರೀ ಸಡಿಲದ ಸಂಖ್ಯೆ ನೋಡಿ ಆಪರೇಷನ್ನಿಗೆ ಓಡಬೇಡಿ. ಒಂಟಿಕಾಲಿನಲ್ಲಿ ನಿಲ್ಲುವ ಬ್ಯಾಲೆನ್ಸ್ ಅಭ್ಯಾಸ, ಕಾಲಿನ ಹೊರಬದಿಯ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಮೊದಲು ಶುರುವಾಗಲಿ. ಕೆಲವು ತಿಂಗಳು ಶ್ರದ್ಧೆಯಿಂದ ಮಾಡಿದ ಮೇಲೂ ಕಾಲು ಹೊರಳುತ್ತಿದ್ದರೆ, ಲಿಗಮೆಂಟ್ ಬಿಗಿ ಮಾಡುವ ಯೋಚನೆ ಬಂದರೆ, ಆಗ ಆ ಅಳತೆಗೆ ನಿಜವಾದ ಬೆಲೆ. ಇನ್ನೊಂದು ವಿಷಯ: ಕಾಲು ಮತ್ತೆ ಉಳುಕಿದರೆ ಅದೇ ದಿನ ಎಳೆದು ನೋಡಿದ್ದನ್ನು ನಂಬಿಕೊಳ್ಳಬೇಡಿ. ನೋವಿಗೆ ಸ್ನಾಯು ಬಿಗಿಹಿಡಿದು ಸಡಿಲವನ್ನು ಮುಚ್ಚಿಡುತ್ತದೆ. ಮೂಳೆ ಮುರಿದಿಲ್ಲ ಎಂದು ಖಚಿತವಾಗಿದ್ದರೆ, ನಾಲ್ಕೈದು ದಿನ ಬಿಟ್ಟು ಮತ್ತೆ ತೋರಿಸಿ.